ಮೀನಿನ ಕೊಬ್ಬು ಮತ್ತು ಭಾರಲೋಹ: ಬಸವಕಲ್ಯಾಣ–ಹುಮನಾಬಾದ್ ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

1. ಪ್ರವೇಶ

ಇಂದಿನ ಬಸವಕಲ್ಯಾಣವು ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, ಅಂದರೆ ಕ್ರಿ.ಶ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ, ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಅದರ ‘ಮತ್ಸ್ಯವಿನೋದ’ ಎಂಬ ಅಧ್ಯಾಯದಲ್ಲಿ ಮೀನುಗಳನ್ನು ಕಡಲಿನವು ಮತ್ತು ಸಿಹಿನೀರಿನವು ಎಂದೂ, ಹುರುಪೆಯುಳ್ಳವು ಮತ್ತು ಹುರುಪೆಯಿಲ್ಲದವು ಎಂದೂ ವಿಂಗಡಿಸಲಾಗಿದೆ. ಯಾವ ಮೀನಿಗೆ ಯಾವ ಆಹಾರವನ್ನು ನೀಡಬೇಕು ಎಂಬ ವಿವರವೂ ಅಲ್ಲಿದೆ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಪ್ರಬಂಧ ಪ್ರಕಟಿಸಿ, ವಿದ್ವಾಂಸರ ಗಮನವನ್ನು ಅದರತ್ತ ಸೆಳೆದರು. ಮೀನಿನ ದೇಹವು ಅದು ತಿನ್ನುವ ಆಹಾರವನ್ನು ಅವಲಂಬಿಸಿರುತ್ತದೆ ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಸೋಮೇಶ್ವರನ ಕಾಲದಲ್ಲಿ ಆಹಾರದೊಂದಿಗೆ ಮೀನಿನ ದೇಹವನ್ನು ಸೇರುವ ಇನ್ನೊಂದು ವಸ್ತುವಿನ ಬಗ್ಗೆ ಯೋಚಿಸುವ ಅಗತ್ಯವಿರಲಿಲ್ಲ. ಪಾದರಸ, ಸೀಸ, ಕ್ಯಾಡ್ಮಿಯಂ ಮುಂತಾದ ಭಾರಲೋಹಗಳು ಇಂದು ನೀರಿನಲ್ಲಿಯೂ ಕೆಸರಿನಲ್ಲಿಯೂ ಸೇರುತ್ತಿರುವುದರಿಂದ, ಮೀನನ್ನು ಪೌಷ್ಟಿಕ ಆಹಾರವೆಂದು ಶಿಫಾರಸು ಮಾಡುವವರು ಅದರ ಸುರಕ್ಷತೆಯ ಪ್ರಶ್ನೆಗೂ ಉತ್ತರಿಸಬೇಕಾಗಿದೆ. ಈ ಕುರಿತ ಚರ್ಚೆಯಲ್ಲಿ ಎರಡು ನಂಬಿಕೆಗಳು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತವೆ. ನದಿ–ಕೆರೆಗಳಲ್ಲಿ ತಾನಾಗಿ ಬೆಳೆದ ಮೀನು ಶುದ್ಧ, ಸಾಕಿದ ಮೀನು ಕಲುಷಿತ ಎಂಬುದು ಮೊದಲನೆಯದು. ಕೊಬ್ಬು ಹೆಚ್ಚಿರುವ ಮೀನಿನಲ್ಲಿ ಲೋಹವೂ ಹೆಚ್ಚು ಎಂಬುದು ಎರಡನೆಯದು. ಇವೆರಡೂ ಪೂರ್ಣ ಸತ್ಯವಲ್ಲ. ಕೊಬ್ಬು ಮತ್ತು ಭಾರಲೋಹಗಳು ಮೀನಿನ ದೇಹದಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಒಂದರ ಪ್ರಮಾಣದಿಂದ ಇನ್ನೊಂದನ್ನು ಊಹಿಸಲು ಬರುವುದಿಲ್ಲ. ಈ ವಿಷಯವನ್ನು ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ನೆಲ–ನೀರಿನ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪ್ರದೇಶದ ನೆಲ ಮತ್ತು ನೀರು

ಬೀದರ್ ಜಿಲ್ಲೆಯು ಗೋದಾವರಿ ಮತ್ತು ಕೃಷ್ಣಾ ಜಲಾನಯನಗಳ ನಡುವಣ ಎತ್ತರದ ಮೇಲಿದೆ. ಕಾರಂಜಾ ಮತ್ತು ಚುಳಕಿ ನಾಲಾ ಹೊಳೆಗಳ ನೀರು ಮಾಂಜ್ರಾದ ಮೂಲಕ ಗೋದಾವರಿಯನ್ನು ಸೇರುತ್ತದೆ. ಮುಲ್ಲಾಮಾರಿಯ ನೀರು ಕಾಗಿಣಾ ಮತ್ತು ಭೀಮಾ ನದಿಗಳ ಮೂಲಕ ಕೃಷ್ಣೆಗೆ ಹೋಗುತ್ತದೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯ, ಬಸವಕಲ್ಯಾಣ ತಾಲ್ಲೂಕಿನ ಚುಳಕಿ ನಾಲಾ ಹಾಗೂ ಮೇಲ್ದಂಡೆ ಮುಲ್ಲಾಮಾರಿ ಜಲಾಶಯಗಳು, ಬಸವಕಲ್ಯಾಣದ ತ್ರಿಪುರಾಂತಕ ಕೆರೆ, ಇವಲ್ಲದೆ ಹಳ್ಳಿ ಹಳ್ಳಿಯ ಕೆರೆಗಳು ಈ ಭಾಗದ ಮುಖ್ಯ ಜಲಸಂಪನ್ಮೂಲಗಳು. ಕಡಲಿನಿಂದ ನೂರಾರು ಕಿಲೋಮೀಟರ್ ದೂರವಿರುವ ಈ ಪ್ರದೇಶದಲ್ಲಿ ತಾಜಾ ಮೀನು ಎಂದರೆ ಮುಖ್ಯವಾಗಿ ಸಿಹಿನೀರಿನ ಮೀನೇ ಆಗಿದೆ.

ಇಲ್ಲಿಯ ನೆಲವು ದಖನ್ನಿನ ಕಪ್ಪುಶಿಲೆಯಿಂದ, ಅಂದರೆ ಬಸಾಲ್ಟಿನಿಂದ, ರೂಪುಗೊಂಡಿದೆ. ಎತ್ತರದ ಭಾಗಗಳಲ್ಲಿ ಅದರ ಮೇಲೆ ಜಂಬಿಟ್ಟಿಗೆಯ ಹೊದಿಕೆಯಿದೆ. ತಗ್ಗಿನಲ್ಲಿ ಕಪ್ಪು ಎರೆಮಣ್ಣು ಹರಡಿದೆ. ಈ ಭೂವೈಜ್ಞಾನಿಕ ಸಂಗತಿಗೆ ಎರಡು ಪರಿಣಾಮಗಳಿವೆ. ಮೊದಲನೆಯದಾಗಿ, ಬಸಾಲ್ಟಿನಲ್ಲಿ ತಾಮ್ರ, ನಿಕ್ಕಲ್ ಮತ್ತು ಕ್ರೋಮಿಯಂ ನೈಸರ್ಗಿಕವಾಗಿಯೇ ಗ್ರಾನೈಟಿನಲ್ಲಿರುವುದಕ್ಕಿಂತ ಅಧಿಕ. ಆದ್ದರಿಂದ ಕೆರೆಯ ಕೆಸರಿನಲ್ಲಿ ಈ ಲೋಹಗಳು ಕಂಡೊಡನೆ ಅವು ಕಾರ್ಖಾನೆಯಿಂದ ಬಂದವೆಂದು ತೀರ್ಮಾನಿಸಲಾಗದು. ನೆಲದ ಸಹಜ ಮಟ್ಟವನ್ನು ಮೊದಲು ಅರಿಯಬೇಕು. ಎರಡನೆಯದಾಗಿ, ಈ ಭಾಗದ ನೀರು ಸಾಮಾನ್ಯವಾಗಿ ಗಡಸು ಮತ್ತು ಕ್ಷಾರೀಯ. ಇಂಥ ನೀರಿನಲ್ಲಿ ಸೀಸ, ಕ್ಯಾಡ್ಮಿಯಂಗಳು ಕರಗಿದ ಸ್ಥಿತಿಯಲ್ಲಿ ಉಳಿಯುವುದು ಕಡಿಮೆ. ಅವುಗಳ ಹೆಚ್ಚಿನ ಭಾಗ ಕೆಸರನ್ನು ಸೇರುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಕಿವಿರಿನ ಮೇಲೆ ಈ ಲೋಹಗಳೊಂದಿಗೆ ಪೈಪೋಟಿ ನಡೆಸಿ ಅವುಗಳ ಪ್ರವೇಶವನ್ನು ಭಾಗಶಃ ತಡೆಯುತ್ತದೆ. ಹೀಗಾಗಿ ನೀರನ್ನು ಮಾತ್ರ ಪರೀಕ್ಷಿಸಿ ಲೋಹವಿಲ್ಲವೆಂದು ಸಮಾಧಾನಪಡುವುದು ಇಲ್ಲಿ ಸರಿಯಾಗದು. ತಳದ ಕೆಸರಿನಲ್ಲಿ ಸೇರಿಕೊಂಡ ಲೋಹವನ್ನು ಪ್ರತ್ಯೇಕವಾಗಿ ನೋಡಬೇಕು.

ಕಲ್ಯಾಣ ಕರ್ನಾಟಕದಲ್ಲಿ ನೈಸರ್ಗಿಕ ಮೂಲದ ಲೋಹವೂ ಜನರ ಆರೋಗ್ಯಕ್ಕೆ ಕಂಟಕವಾದ ಉದಾಹರಣೆಯಿದೆ. ಯಾದಗಿರಿ ಜಿಲ್ಲೆಯ ಹಳೆಯ ಚಿನ್ನದ ಗಣಿಗಾರಿಕೆಯ ಪ್ರದೇಶದಲ್ಲಿರುವ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದ ಆರ್ಸೆನಿಕ್‌ನಿಂದ ಜನರು ಚರ್ಮರೋಗಕ್ಕೆ ತುತ್ತಾದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಅಲ್ಲಿಯ ಶಿಲೆ ಬೇರೆ, ಬೀದರಿನ ಶಿಲೆ ಬೇರೆ. ಒಂದು ಜಿಲ್ಲೆಯ ಫಲಿತಾಂಶವನ್ನು ನೆರೆಯ ಜಿಲ್ಲೆಗೆ ಹಾಗೆಯೇ ಅನ್ವಯಿಸಬಾರದೆಂಬುದಕ್ಕೂ ಇದು ನಿದರ್ಶನವಾಗಿದೆ.

3. ಲೋಹದ ಮಾನವಕೃತ ಮೂಲಗಳು

ಹುಮನಾಬಾದಿನ ಹೊರವಲಯದ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಹಾಗೂ ಔಷಧ ತಯಾರಿಕೆಗೆ ಸಂಬಂಧಿಸಿದ ಘಟಕಗಳಿವೆ. ಇಂಥ ಘಟಕಗಳ ತ್ಯಾಜ್ಯಜಲವು ಶುದ್ಧೀಕರಣಗೊಳ್ಳದೆ ಹಳ್ಳ ಸೇರಿದರೆ ಏನಾಗಬಹುದು ಎಂಬುದಕ್ಕೆ ಇದೇ ಹೆದ್ದಾರಿಯ ಮೇಲೆ, ಹೈದರಾಬಾದಿನ ಸಮೀಪ ಇರುವ ಪಟಾನ್‌ಚೆರು ಒಂದು ಪಾಠವಾಗಿದೆ. ಅಲ್ಲಿಯ ತ್ಯಾಜ್ಯವು ನಕ್ಕವಾಗು ಹಳ್ಳದ ಮೂಲಕ ಮಾಂಜ್ರಾ ನದಿಯನ್ನು ಸೇರುತ್ತಿದ್ದುದು 1990ರಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿಯ ಸಾಮೂಹಿಕ ಶುದ್ಧೀಕರಣ ಘಟಕದಿಂದ ಹೊರಬಿದ್ದ ನೀರಿನಲ್ಲಿ ಪ್ರತಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲಾಕ್ಸಸಿನ್ ಎಂಬ ಪ್ರತಿಜೀವಕ ಇದ್ದುದು 2007ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು. ಪಟಾನ್‌ಚೆರು ಬೀದರಿಗಿಂತ ಹೊಳೆಯ ಕೆಳಭಾಗದಲ್ಲಿರುವುದರಿಂದ ಅಲ್ಲಿಯ ಮಾಲಿನ್ಯ ಇಲ್ಲಿಗೆ ಬರುವುದಿಲ್ಲ. ಆದರೆ ಮೇಲ್ಭಾಗದಲ್ಲಿರುವ ಊರುಗಳ ಹೊಣೆ ಇದರಿಂದ ಕಡಿಮೆಯಾಗದು. ಇಲ್ಲಿಂದ ಹರಿದ ನೀರನ್ನು ಕೆಳಗಿನವರು ಬಳಸುತ್ತಾರೆ.

ಕಾರ್ಖಾನೆಗಳ ಹೊರತಾಗಿಯೂ ಅನೇಕ ಮೂಲಗಳಿವೆ. ರಂಜಕದ ಗೊಬ್ಬರಗಳಲ್ಲಿ ಅಲ್ಪ ಪ್ರಮಾಣದ ಕ್ಯಾಡ್ಮಿಯಂ ಇರುತ್ತದೆ. ಅದು ವರ್ಷ ವರ್ಷವೂ ಹೊಲಕ್ಕೆ ಬಿದ್ದು, ಮಳೆಯಲ್ಲಿ ಕೊಚ್ಚಿದ ಮಣ್ಣಿನೊಂದಿಗೆ ಕೆರೆ ಸೇರುತ್ತದೆ. ಭಾರತದಲ್ಲಿ ಸೀಸರಹಿತ ಪೆಟ್ರೋಲ್ ಎಲ್ಲೆಡೆ ಜಾರಿಗೆ ಬಂದದ್ದು 2000ದಲ್ಲಿ. ಅದಕ್ಕೆ ಮುಂಚೆ ವಾಹನಗಳ ಹೊಗೆಯಿಂದ ಹೆದ್ದಾರಿಯ ಬದಿಯ ಮಣ್ಣಿಗೆ ಬಿದ್ದ ಸೀಸವು ಬೇಗನೆ ನಾಶವಾಗುವ ವಸ್ತುವಲ್ಲ. ಹಳೆಯ ಬ್ಯಾಟರಿಗಳನ್ನು ಒಡೆಯುವ ಸ್ಥಳಗಳು, ಬಣ್ಣ ಬಳಿದ ಮೂರ್ತಿಗಳ ವಿಸರ್ಜನೆ, ಪಟ್ಟಣದ ಚರಂಡಿ ನೀರು, ಇವೆಲ್ಲವೂ ಗಮನಿಸತಕ್ಕ ಮೂಲಗಳು. ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ಮನೆಯಲ್ಲಿ ಕರಗಿಸಿ ಎರಕ ಹೊಯ್ಯುವಲ್ಲಿ ಮೀನುಗಾರ ಕುಟುಂಬದ ಮಕ್ಕಳಿಗೆ ಮೀನಿಗಿಂತ ಮೊದಲು ಈ ಹೊಗೆಯಿಂದಲೇ ಅಪಾಯವುಂಟು.

ಸಕ್ಕರೆ ಕಾರ್ಖಾನೆ ಮತ್ತು ಮದ್ಯಸಾರ ಘಟಕಗಳ ತ್ಯಾಜ್ಯದಲ್ಲಿ ಮುಖ್ಯವಾಗಿರುವುದು ಲೋಹವಲ್ಲ, ಸಾವಯವ ವಸ್ತು. ಆದರೂ ಅದು ಲೋಹದ ಪ್ರಶ್ನೆಯನ್ನು ಪರೋಕ್ಷವಾಗಿ ಉಲ್ಬಣಗೊಳಿಸುತ್ತದೆ. ಸಾವಯವ ವಸ್ತು ಕೊಳೆಯುವಾಗ ತಳದ ನೀರಿನ ಆಮ್ಲಜನಕ ಮುಗಿಯುತ್ತದೆ. ಆಗ ಕೆಸರಿನಲ್ಲಿ ಲೋಹಗಳನ್ನು ಹಿಡಿದಿಟ್ಟುಕೊಂಡಿದ್ದ ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡುಗಳು ಕರಗಿ, ಅವು ಹಿಡಿದಿದ್ದ ಲೋಹ ಮತ್ತೆ ನೀರಿಗೆ ಬಿಡುಗಡೆಯಾಗುವ ಸಾಧ್ಯತೆಯಿದೆ. ಆಮ್ಲಜನಕವಿಲ್ಲದ ಇದೇ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಗಳು ಪಾದರಸವನ್ನು ಮಿಥೈಲ್ ಪಾದರಸವನ್ನಾಗಿ ಮಾರ್ಪಡಿಸುತ್ತವೆ.

4. ನೈಸರ್ಗಿಕ ಮೀನು, ಸಾಕಿದ ಮೀನು ಮತ್ತು ಮೂರನೆಯ ವರ್ಗ

ಯುರೋಪಿನ ಸಾಹಿತ್ಯದಲ್ಲಿ ನೈಸರ್ಗಿಕ ಮೀನು ಮತ್ತು ಸಾಕಿದ ಮೀನು ಎಂಬ ಭೇದ ಸ್ಪಷ್ಟವಾಗಿದೆ. ಒಂದು ಕಡಲಿನಲ್ಲಿ ಬೆಳೆದದ್ದು, ಇನ್ನೊಂದು ಬಲೆಪಂಜರದಲ್ಲಿ ಕಾರ್ಖಾನೆಯ ಆಹಾರ ತಿಂದು ಬೆಳೆದದ್ದು. ನಮ್ಮ ಒಳನಾಡಿನಲ್ಲಿ ಈ ಗೆರೆ ಅಷ್ಟು ಸ್ಪಷ್ಟವಾಗಿಲ್ಲ. ಇಲ್ಲಿಯ ಕೆರೆ ಮತ್ತು ಜಲಾಶಯಗಳಿಗೆ ಕಾಟ್ಲಾ, ರೋಹು, ಮೃಗಾಲ್ ಹಾಗೂ ಸಾಮಾನ್ಯ ಗೆಂಡೆಯ ಬಿತ್ತನೆ ಮರಿಗಳನ್ನು ಬಿಡಲಾಗುತ್ತದೆ. ಅವು ಹೊರಗಿನ ಆಹಾರವಿಲ್ಲದೆ ಕೆರೆಯಲ್ಲಿಯೇ ದೊರೆಯುವ ಪ್ಲವಕ, ಪಾಚಿ ಮತ್ತು ಕೊಳೆತ ಸಸ್ಯಾಂಶವನ್ನು ತಿಂದು ಬೆಳೆಯುತ್ತವೆ. ಗುತ್ತಿಗೆ ಪಡೆದವರು ಅಥವಾ ಮೀನುಗಾರರ ಸಹಕಾರ ಸಂಘದವರು ಅವುಗಳನ್ನು ಹಿಡಿಯುತ್ತಾರೆ. ಈ ಮೀನಿನ ಹುಟ್ಟು ಮೀನುಮರಿ ಕೇಂದ್ರದಲ್ಲಿ, ಬೆಳವಣಿಗೆ ನಿಸರ್ಗದಲ್ಲಿ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಅವರು ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳಲ್ಲಿ ಪ್ರೇರಿತ ಸಂತಾನೋತ್ಪತ್ತಿಯನ್ನು ಸಾಧಿಸಿದ ಬಳಿಕವೇ ಇಷ್ಟು ದೊಡ್ಡ ಪ್ರಮಾಣದಲ್ಲಿ ಮರಿಗಳನ್ನು ಒದಗಿಸುವುದು ಸಾಧ್ಯವಾಯಿತು.

ಇದರ ಜೊತೆಗೆ ಇನ್ನೆರಡು ವರ್ಗಗಳಿವೆ. ಕೊರವ, ಬಾಳೆ ಮೀನು, ಚೇಳು ಮೀನು ಮೊದಲಾದವು ಯಾರೂ ಬಿಡದೆ ತಾವಾಗಿ ಬೆಳೆಯುವ ಮಾಂಸಾಹಾರಿ ಮೀನುಗಳು. ಆಹಾರ ನೀಡಿ ಸಾಕುವ ಕೊಳಗಳ ಮೀನು ಮೂರನೆಯದು. ಆಂಧ್ರದ ಕೊಳಗಳಿಂದ ಮಂಜುಗಡ್ಡೆಯಲ್ಲಿಟ್ಟು ದೂರದ ಮಾರುಕಟ್ಟೆಗಳಿಗೆ ಕಳುಹಿಸುವ ರೋಹು, ಕಾಟ್ಲಾ ಮತ್ತು ಪಂಗಾಸಿಯಸ್ ಈ ವರ್ಗದವು. ಕೇಂದ್ರ ಸರ್ಕಾರವು 2000ದಲ್ಲಿ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಕೆಲವೆಡೆ ಕಸಾಯಿಖಾನೆಯ ತ್ಯಾಜ್ಯವನ್ನು ತಿನ್ನಿಸಿ ಕಳ್ಳತನದಿಂದ ಬೆಳೆಸಲ್ಪಡುತ್ತಿದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಈ ಬಗ್ಗೆ ಕ್ರಮಕ್ಕೆ ಆದೇಶಿಸಿತು. ಮೀನನ್ನು ಕೇವಲ ನೈಸರ್ಗಿಕ ಅಥವಾ ಸಾಕಿದ್ದು ಎಂದು ನಮೂದಿಸಿದ ದತ್ತಾಂಶ ಈ ಪ್ರದೇಶದ ಮಟ್ಟಿಗೆ ಅಪೂರ್ಣವಾಗುತ್ತದೆ. ಅದು ಯಾವ ನೀರಿನಲ್ಲಿ, ಯಾವ ಆಹಾರ ತಿಂದು, ಎಷ್ಟು ಕಾಲ ಬೆಳೆಯಿತು ಎಂಬುದನ್ನು ದಾಖಲಿಸುವುದು ಅವಶ್ಯ.

5. ಮೀನಿನ ಕೊಬ್ಬು

ನೂರು ಗ್ರಾಂ ಮಾಂಸದಲ್ಲಿ 2 ಗ್ರಾಂಗಿಂತ ಕಡಿಮೆ ಕೊಬ್ಬಿದ್ದರೆ ತೆಳುಮೀನು, 2ರಿಂದ 4 ಗ್ರಾಂ ಇದ್ದರೆ ಅಲ್ಪ ಕೊಬ್ಬಿನದು, 4ರಿಂದ 8 ಗ್ರಾಂ ಇದ್ದರೆ ಮಧ್ಯಮ, ಅದಕ್ಕೂ ಹೆಚ್ಚಿದ್ದರೆ ಕೊಬ್ಬುಮೀನು ಎಂದು ಸಾಮಾನ್ಯವಾಗಿ ವಿಂಗಡಿಸುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕಗಳ ಪ್ರಕಾರ ನೂರು ಗ್ರಾಂ ರೋಹುವಿನಲ್ಲಿ 1.4 ಗ್ರಾಂ, ಕಾಟ್ಲಾದಲ್ಲಿ 2.4 ಗ್ರಾಂ, ಮೃಗಾಲ್‌ನಲ್ಲಿ 0.8 ಗ್ರಾಂ ಕೊಬ್ಬಿದೆ. ಬಂಗಾಳದ ಹಿಲ್ಸಾದಲ್ಲಿ ಇದು 19.4 ಗ್ರಾಂ. ನಮ್ಮ ಜಲಾಶಯಗಳ ಮುಖ್ಯ ಮೀನುಗಳು ಸಹಜವಾಗಿ ಕೊಬ್ಬು ಕಡಿಮೆಯಿರುವವು ಎಂಬುದು ಇದರಿಂದ ಸ್ಪಷ್ಟ.

ಈ ಅಂಕಿಗಳು ಸ್ಥಿರವಲ್ಲ. ಮುಂಗಾರಿನಲ್ಲಿ ಮೊಟ್ಟೆಯಿಡುವ ಮುನ್ನ ಮೀನು ಕೊಬ್ಬನ್ನು ಸಂಗ್ರಹಿಸುತ್ತದೆ. ಮೊಟ್ಟೆ ಬಲಿಯುವಾಗ ಆ ಕೊಬ್ಬು ಅಂಡಾಶಯದತ್ತ ಹರಿಯುತ್ತದೆ. ಮೊಟ್ಟೆಯಿಟ್ಟ ಮೇಲೆ ಮೀನು ಬಡಕಲಾಗಿರುತ್ತದೆ. ಮಾಂಸದಲ್ಲಿರುವ ನೀರು ಮತ್ತು ಕೊಬ್ಬು ಒಂದಕ್ಕೊಂದು ವಿಲೋಮವಾಗಿರುತ್ತವೆ. ಎರಡರ ಮೊತ್ತ ಸುಮಾರು ಶೇ. 80ರ ಆಸುಪಾಸಿನಲ್ಲಿರುತ್ತದೆ. ಒಂದೇ ಮೀನಿನಲ್ಲಿಯೂ ಹೊಟ್ಟೆಯ ಭಾಗದಲ್ಲಿ ಕೊಬ್ಬು ಹೆಚ್ಚು, ಬಾಲದ ಕಡೆ ಕಡಿಮೆ.

ಆಹಾರದ ಪ್ರಭಾವ ಎಲ್ಲಕ್ಕಿಂತ ಹೆಚ್ಚು ಎದ್ದು ಕಾಣುವುದು ಕೊಬ್ಬಿನ ಸ್ವರೂಪದಲ್ಲಿ. ಪಾಚಿ ಮತ್ತು ಪ್ಲವಕಗಳಲ್ಲಿ ಒಮೆಗಾ–3 ವರ್ಗದ ಕೊಬ್ಬಿನಾಮ್ಲಗಳಿವೆ. ಅವುಗಳನ್ನು ತಿನ್ನುವ ಮೀನಿನಲ್ಲಿ ಕೊಬ್ಬಿನ ಪ್ರಮಾಣ ಕಡಿಮೆಯಿದ್ದರೂ ಅದರಲ್ಲಿ ಒಮೆಗಾ–3ರ ಪಾಲು ಉತ್ತಮವಾಗಿರುತ್ತದೆ. ಅಕ್ಕಿ ತೌಡು, ಹಿಂಡಿ ಮುಂತಾದ ಹಿಟ್ಟಿನಂಶದ ಆಹಾರ ಹೇರಳವಾಗಿ ದೊರೆತಾಗ ಮೀನು ಹೆಚ್ಚಿನ ಶಕ್ತಿಯನ್ನು ಕೊಬ್ಬಾಗಿ ಕೂಡಿಡುತ್ತದೆ. ಆ ಕೊಬ್ಬಿನಲ್ಲಿ ಒಮೆಗಾ–3ರ ಪಾಲು ಕುಗ್ಗುತ್ತದೆ. ಪಂಗಾಸಿಯಸ್‌ನ ಹೊಟ್ಟೆಯ ಭಾಗದಲ್ಲಿ ಕಾಣುವ ದಪ್ಪ ಕೊಬ್ಬಿನ ಪದರವು ಇದಕ್ಕೆ ಉದಾಹರಣೆ. ಅಡುಗೆಯನ್ನೂ ಇಲ್ಲಿ ಮರೆಯಬಾರದು. ತೆಳುಮೀನನ್ನು ಎಣ್ಣೆಯಲ್ಲಿ ಕರಿದಾಗ ತಟ್ಟೆಗೆ ಬರುವ ಕೊಬ್ಬಿನಲ್ಲಿ ಬಹುಪಾಲು ಬಾಣಲೆಯ ಎಣ್ಣೆಯದೇ ಆಗಿರುತ್ತದೆ.

6. ಭಾರಲೋಹವು ಮೀನಿನ ದೇಹ ಸೇರುವ ಬಗೆ

ಭಾರಲೋಹ ಎಂಬ ಒಂದೇ ಹೆಸರಿನಡಿ ಭಿನ್ನ ಸ್ವಭಾವದ ವಸ್ತುಗಳನ್ನು ಸೇರಿಸಲಾಗಿದೆ. ಬೀದರಿನ ಬಿದರಿ ಕಲೆಗೆ ಬಳಸುವ ಮಿಶ್ರಲೋಹದಲ್ಲಿ ಸತು ಪ್ರಧಾನ, ತಾಮ್ರ ಅಲ್ಪ. ಈ ಎರಡೂ ಲೋಹಗಳು ಮೀನಿಗೂ ಮನುಷ್ಯನಿಗೂ ಅಲ್ಪ ಪ್ರಮಾಣದಲ್ಲಿ ಅತ್ಯವಶ್ಯ. ಅವು ಅಧಿಕವಾದಾಗ ಮೊದಲು ಕಿವಿರು ಕೆಟ್ಟು ಮೀನೇ ಸಾಯುತ್ತದೆ. ಬದುಕಿರುವ ಮೀನಿನ ದೇಹವು ಇವುಗಳ ಮಟ್ಟವನ್ನು ಬಹುಮಟ್ಟಿಗೆ ತಾನೇ ನಿಯಂತ್ರಿಸಿಕೊಳ್ಳುತ್ತದೆ. ಪಾದರಸ, ಸೀಸ, ಕ್ಯಾಡ್ಮಿಯಂಗಳಿಂದ ದೇಹಕ್ಕೆ ಯಾವ ಪ್ರಯೋಜನವೂ ಇಲ್ಲ; ಅವು ಮೀನನ್ನು ಕೊಲ್ಲದೆ, ಅದರ ರೂಪ–ರುಚಿಗಳನ್ನು ಕೆಡಿಸದೆ ಅದರೊಳಗೆ ಸಂಗ್ರಹವಾಗಬಲ್ಲವು. ಕೆರೆಯಲ್ಲಿ ಮೀನು ಸತ್ತು ತೇಲಿದಾಗ ಜನ ಲೋಹವನ್ನು ಶಂಕಿಸುವುದುಂಟು. ಇಂಥ ಸಾಮೂಹಿಕ ಸಾವಿಗೆ ಹೆಚ್ಚಾಗಿ ಕಾರಣವಾಗುವುದು ಆಮ್ಲಜನಕದ ಕೊರತೆ. ಲೋಹ ಸೇರಿದ ಮೀನು ಮಾರುಕಟ್ಟೆಯಲ್ಲಿ ಆರೋಗ್ಯವಂತವಾಗಿಯೇ ಕಾಣುತ್ತದೆ.

ಒಂದೊಂದು ಲೋಹ ಒಂದೊಂದು ಅಂಗದಲ್ಲಿ ನೆಲೆಸುತ್ತದೆ. ಕ್ಯಾಡ್ಮಿಯಂ ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಹೆಚ್ಚು, ಮಾಂಸದಲ್ಲಿ ಕಡಿಮೆ. ಸೀಸವು ಮೂಳೆ, ಹುರುಪೆ ಮತ್ತು ಕಿವಿರುಗಳಲ್ಲಿ ಸೇರುತ್ತದೆ. ಪಾದರಸದ ರೀತಿ ಬೇರೆ. ಅದರ ಮಿಥೈಲ್ ರೂಪವು ಮಾಂಸದ ಪ್ರೋಟೀನಿನಲ್ಲಿರುವ ಗಂಧಕದ ಗುಂಪುಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅದು ಮೀನಿನಿಂದ ಹೊರಹೋಗುವುದು ಬಹಳ ನಿಧಾನ. ಆದ್ದರಿಂದ ಆಹಾರ ಸರಪಳಿಯ ಪ್ರತಿ ಮೆಟ್ಟಿಲಿನಲ್ಲಿಯೂ ಅದರ ಪ್ರಮಾಣ ಏರುತ್ತ ಹೋಗುತ್ತದೆ. ಪ್ಲವಕ ತಿನ್ನುವ ಕಾಟ್ಲಾಕ್ಕಿಂತ ಸಣ್ಣ ಮೀನುಗಳನ್ನು ನುಂಗುವ ಬಾಳೆ ಮೀನಿನಲ್ಲಿ, ಎಳೆಯ ಮೀನಿಗಿಂತ ಬಲಿತ ಮೀನಿನಲ್ಲಿ ಪಾದರಸ ಹೆಚ್ಚಿರುವುದು ಸಾಮಾನ್ಯ ನಿಯಮ. ಜಪಾನಿನ ಮಿನಾಮಾಟಾದಲ್ಲಿ 1956ರಲ್ಲಿ ಅಧಿಕೃತವಾಗಿ ಗುರುತಿಸಲ್ಪಟ್ಟ ನರರೋಗಕ್ಕೆ ಕಾರಣವಾದದ್ದು ಕಾರ್ಖಾನೆಯಿಂದ ಕೊಲ್ಲಿಗೆ ಬಿದ್ದ ಮಿಥೈಲ್ ಪಾದರಸ. ಮೀನನ್ನೇ ನಂಬಿದ್ದ ಬೆಸ್ತರ ಕುಟುಂಬಗಳು ಮತ್ತು ಗರ್ಭಸ್ಥ ಶಿಶುಗಳು ಅದಕ್ಕೆ ಬಲಿಯಾದವು. ಆ ಊರಿನ ಹೆಸರನ್ನೇ ಹೊತ್ತ ಪಾದರಸ ಒಪ್ಪಂದವು 2017ರಲ್ಲಿ ಜಾರಿಗೆ ಬಂದಿತು. ಭಾರತ 2018ರಲ್ಲಿ ಅದನ್ನು ಸ್ಥಿರೀಕರಿಸಿತು.

ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗಳು ತಳದ ಕೆಸರನ್ನು ಕೆದಕಿ ಆಹಾರ ಹುಡುಕುತ್ತವೆ. ಗಡಸು ನೀರಿನ ಕೆರೆಗಳಲ್ಲಿ ಲೋಹ ಕೆಸರಿನಲ್ಲಿಯೇ ಹೆಚ್ಚಾಗಿ ಸೇರುವುದರಿಂದ ಸೀಸ ಮತ್ತು ಕ್ಯಾಡ್ಮಿಯಂಗಳ ಪರೀಕ್ಷೆಗೆ ಈ ಮೀನುಗಳು ಸೂಕ್ತ ಸೂಚಕಗಳಾಗಬಲ್ಲವು. ಪಾದರಸಕ್ಕೆ ಬಾಳೆ ಮತ್ತು ಕೊರವ ಮೀನುಗಳನ್ನು ಆರಿಸಬೇಕು. ಒಂದೇ ಜಾತಿಯ ಮೀನನ್ನು ಪರೀಕ್ಷಿಸಿ ಇಡೀ ಜಲಾಶಯದ ಬಗ್ಗೆ ತೀರ್ಪು ಕೊಡುವುದು ಯುಕ್ತವಲ್ಲ.

7. ಎರಡು ಪ್ರತ್ಯೇಕ ಲೆಕ್ಕಗಳು

ಕೊಬ್ಬುಮೀನಿನಲ್ಲಿ ವಿಷ ಹೆಚ್ಚು ಎಂಬ ನಂಬಿಕೆಗೆ ಒಂದು ಮೂಲವಿದೆ. ಡಿ.ಡಿ.ಟಿ., ಪಿ.ಸಿ.ಬಿ., ಡಯಾಕ್ಸಿನ್ ಮೊದಲಾದ ಕ್ಲೋರಿನ್‌ಯುಕ್ತ ಸಾವಯವ ರಾಸಾಯನಿಕಗಳು ಕೊಬ್ಬಿನಲ್ಲಿ ಕರಗುತ್ತವೆ. ಕೊಬ್ಬು ಹೆಚ್ಚಾದಂತೆ ಅವುಗಳಿಗೆ ನೆಲೆಯೂ ಹೆಚ್ಚುತ್ತದೆ. ಚರ್ಮ ಮತ್ತು ಹೊಟ್ಟೆಯ ಕೊಬ್ಬನ್ನು ತೆಗೆದರೆ ಅವುಗಳ ಪ್ರಮಾಣವೂ ಇಳಿಯುತ್ತದೆ. ಪಾದರಸಕ್ಕೆ ಈ ಉಪಾಯ ಫಲಿಸದು. ಅದು ಪ್ರೋಟೀನಿಗೆ ಅಂಟಿರುವುದರಿಂದ ಕೊಬ್ಬು ತೆಗೆದ ಮಾಂಸದಲ್ಲಿ ಅದರ ಸಾಂದ್ರತೆ ತುಸು ಏರುವುದೂ ಉಂಟು. ಬೇಯಿಸುವುದರಿಂದ ಲೋಹ ನಾಶವಾಗುವುದಿಲ್ಲ. ನೀರು ಆರಿ ಮಾಂಸದ ತೂಕ ಇಳಿದಾಗ ಗ್ರಾಂ ಲೆಕ್ಕದಲ್ಲಿ ಅದು ಹೆಚ್ಚಾಗಿಯೇ ಕಾಣುತ್ತದೆ.

ಸಾಲ್ಮನ್ ಮೀನನ್ನು ಕುರಿತು ನಡೆದ ಸಂಶೋಧನೆಯು ಈ ಭೇದವನ್ನು ಚೆನ್ನಾಗಿ ತೋರಿಸುತ್ತದೆ. 2004ರಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, ಸುಮಾರು 700 ಮೀನುಗಳನ್ನು ಆಧರಿಸಿದ ಅಧ್ಯಯನವು ಸಾಕಿದ ಸಾಲ್ಮನ್‌ನಲ್ಲಿ ಕ್ಲೋರಿನ್‌ಯುಕ್ತ ಮಾಲಿನ್ಯಕಾರಕಗಳು ನೈಸರ್ಗಿಕ ಸಾಲ್ಮನ್‌ನಲ್ಲಿರುವುದಕ್ಕಿಂತ ಹೆಚ್ಚೆಂದು ತೋರಿಸಿತು. ಆಗ ಸಾಕಿದ ಮೀನಿನ ಆಹಾರ ಬಹುಪಾಲು ಕಡಲ ಮೀನಿನ ಹಿಟ್ಟು ಮತ್ತು ಎಣ್ಣೆಯಾಗಿತ್ತು. ಮುಂದಿನ ವರ್ಷಗಳಲ್ಲಿ ನಾರ್ವೆಯಲ್ಲಿ ಅದರ ಜಾಗವನ್ನು ಸಸ್ಯಜನ್ಯ ಎಣ್ಣೆ ಮತ್ತು ಪ್ರೋಟೀನು ತುಂಬಿದವು. 1990ರಲ್ಲಿ ಸುಮಾರು ಶೇ. 90ರಷ್ಟಿದ್ದ ಕಡಲಮೂಲದ ಅಂಶವು 2013ರ ವೇಳೆಗೆ ಸುಮಾರು ಶೇ. 30ಕ್ಕೆ ಇಳಿಯಿತು. 2020ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ ಸಾಕಿದ ಅಟ್ಲಾಂಟಿಕ್ ಸಾಲ್ಮನ್‌ನ ಕೊಬ್ಬು ಸುಮಾರು ಶೇ. 18, ನೈಸರ್ಗಿಕ ಮೀನಿನದು ಸುಮಾರು ಶೇ. 6 ಇತ್ತು. ಆದರೂ ಡಯಾಕ್ಸಿನ್, ಪಾದರಸ ಮತ್ತು ಆರ್ಸೆನಿಕ್ ಕಡಿಮೆಯಿದ್ದುದು ಸಾಕಿದ ಮೀನಿನಲ್ಲಿಯೇ. ಸಾಕುವ ಪದ್ಧತಿ ಅದೇ ಇದ್ದರೂ ಆಹಾರ ಬದಲಾದಾಗ ಫಲಿತಾಂಶವೂ ಬದಲಾಯಿತು. ಇದಕ್ಕೆ ತೆತ್ತ ಬೆಲೆಯೆಂದರೆ ಸಾಕಿದ ಮೀನಿನ ಕೊಬ್ಬಿನಲ್ಲಿ ಒಮೆಗಾ–3ರ ಪಾಲು ಇಳಿದದ್ದು.

ಈ ಅಂಕಿಗಳನ್ನು ನಮ್ಮ ಗೆಂಡೆಗಳಿಗೆ ಅನ್ವಯಿಸಲಾಗದು. ಅದರ ಹಿಂದಿರುವ ತರ್ಕವನ್ನು ಅನ್ವಯಿಸಬಹುದು. ಶುದ್ಧ ನೀರಿನ ಕೊಳದಲ್ಲಿ ಒಂದು ವರ್ಷದೊಳಗೆ ಬೆಳೆದು ಮಾರಾಟವಾಗುವ ಗೆಂಡೆಗೆ ಲೋಹ ಕೂಡಿಡಲು ಕಾಲಾವಕಾಶ ಕಡಿಮೆ. ಬೇಗನೆ ಬೆಳೆದ ಮಾಂಸದಲ್ಲಿ ಅದು ತೆಳುವಾಗಿ ಹಂಚಿಹೋಗುತ್ತದೆ. ಅದೇ ಕೊಳಕ್ಕೆ ಕೋಳಿಗೊಬ್ಬರವನ್ನು ಮಿತಿಮೀರಿ ಸುರಿದರೆ, ಪಾಚಿ ನಾಶಕ್ಕೆಂದು ಮೈಲುತುತ್ತವನ್ನು ಪದೇ ಪದೇ ಬಳಸಿದರೆ ತಾಮ್ರ ಮತ್ತು ಸತು ಕೆಸರಿನಲ್ಲಿ ಏರುತ್ತವೆ. ಕಾರ್ಖಾನೆಯ ಹಳ್ಳ ಕೂಡುವಲ್ಲಿ ತಾನಾಗಿ ಬೆಳೆದ ಬಲಿತ ಬಾಳೆ ಮೀನು ನೈಸರ್ಗಿಕವೆಂಬ ಮಾತ್ರಕ್ಕೆ ಸುರಕ್ಷಿತವಾಗುವುದಿಲ್ಲ.

8. ಸುರಕ್ಷಾ ಮಿತಿಗಳು ಮತ್ತು ಸೇವನೆಯ ಲೆಕ್ಕ

ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿಯಮಗಳು ಒಂದು ಕಿಲೋಗ್ರಾಂ ಹಸಿ ಮೀನಿನಲ್ಲಿ ಸೀಸಕ್ಕೆ 0.3 ಮಿಲಿಗ್ರಾಂ, ಕ್ಯಾಡ್ಮಿಯಂಗೆ 0.3 ಮಿಲಿಗ್ರಾಂ, ಬೇಟೆಯಾಡದ ಸಾಮಾನ್ಯ ಮೀನುಗಳಲ್ಲಿ ಪಾದರಸಕ್ಕೆ 0.5 ಮಿಲಿಗ್ರಾಂ ಗರಿಷ್ಠ ಮಿತಿಯನ್ನು ನಿಗದಿಪಡಿಸಿವೆ. ಯುರೋಪಿಯನ್ ಒಕ್ಕೂಟದಲ್ಲಿ ಬಹುತೇಕ ಮೀನುಗಳ ಮಾಂಸದಲ್ಲಿ ಕ್ಯಾಡ್ಮಿಯಂನ ಮಿತಿ 0.05 ಮಿಲಿಗ್ರಾಂ ಮಾತ್ರ. ಆದ್ದರಿಂದ ಫಲಿತಾಂಶವನ್ನು ವರದಿ ಮಾಡುವವರು ಯಾವ ಮಿತಿಗೆ ಹೋಲಿಸಿದ್ದೇವೆ ಎಂಬುದನ್ನು ಹೇಳಲೇಬೇಕು.

ಮಿತಿಯೆಂಬುದು ಮೀನಿಗೆ ಸಂಬಂಧಿಸಿದ್ದು. ಅಪಾಯವು ಸೇವನೆಯ ಪ್ರಮಾಣಕ್ಕೆ ಸಂಬಂಧಿಸಿದ್ದು. ಆಹಾರ ಸೇರ್ಪಡೆಗಳನ್ನು ಕುರಿತ ಅಂತಾರಾಷ್ಟ್ರೀಯ ತಜ್ಞ ಸಮಿತಿಯು 2003ರಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಂಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮಿಥೈಲ್ ಪಾದರಸವನ್ನು ಸಹನೀಯ ಮಿತಿಯೆಂದು ಗೊತ್ತುಪಡಿಸಿತು. ಅದರಂತೆ 50 ಕಿಲೋಗ್ರಾಂ ತೂಕದ ಮಹಿಳೆಗೆ ವಾರಕ್ಕೆ 80 ಮೈಕ್ರೋಗ್ರಾಂ. ಮೀನಿನ ಪಾದರಸವೆಲ್ಲವೂ ಮಿಥೈಲ್ ರೂಪದಲ್ಲಿದೆಯೆಂದು ಭಾವಿಸಿ ಲೆಕ್ಕ ಹಾಕಿದರೆ, ಕಿಲೋಗ್ರಾಂಗೆ 0.05 ಮಿಲಿಗ್ರಾಂ ಇರುವ ಮೀನನ್ನು ಆಕೆ ವಾರಕ್ಕೆ 1.6 ಕಿಲೋಗ್ರಾಂವರೆಗೆ ತಿನ್ನಬಹುದು, 0.5 ಮಿಲಿಗ್ರಾಂ ಇರುವ ಮೀನಾದರೆ 160 ಗ್ರಾಂಗೇ ಮಿತಿ ಮುಟ್ಟುತ್ತದೆ. ಕಾನೂನಿನ ಮಿತಿಯೊಳಗಿನ ಮೀನಾದರೂ ನಿತ್ಯ ಸೇವಿಸುವ ಮೀನುಗಾರ ಕುಟುಂಬದ ಗರ್ಭಿಣಿಗೆ ಸಾಕಷ್ಟು ಸುರಕ್ಷಿತವಾಗಿರಲಾರದು ಎಂಬುದು ಇದರಿಂದ ವೇದ್ಯವಾಗುತ್ತದೆ. ಸೀಸದ ವಿಷಯದಲ್ಲಿ ಇದೇ ಸಮಿತಿಯು 2010ರಲ್ಲಿ ತನ್ನ ಹಿಂದಿನ ಸಹನೀಯ ಮಿತಿಯನ್ನು ಹಿಂತೆಗೆದುಕೊಂಡಿತು. ಮಕ್ಕಳ ಬುದ್ಧಿವಿಕಾಸಕ್ಕೆ ಹಾನಿಯಾಗದ ಮಟ್ಟವೊಂದನ್ನು ಗುರುತಿಸುವುದು ಸಾಧ್ಯವಾಗದಿದ್ದುದೇ ಅದಕ್ಕೆ ಕಾರಣ.

9. ಅಧ್ಯಯನದಲ್ಲಿ ಪಾಲಿಸಬೇಕಾದ ಕ್ರಮ

ಈ ಪ್ರದೇಶದಲ್ಲಿ ಅಧ್ಯಯನ ಕೈಗೊಳ್ಳುವವರಿಗೆ ಕೆಲವು ವಿಧಾನದ ಅಂಶಗಳನ್ನು ಸೂಚಿಸಬಹುದು.

ಮೊದಲನೆಯದು ತೂಕದ ಪ್ರಶ್ನೆ. ಅನೇಕ ಪ್ರಬಂಧಗಳಲ್ಲಿ ಲೋಹದ ಪ್ರಮಾಣವನ್ನು ಒಣತೂಕದಲ್ಲಿ ಕೊಟ್ಟು, ಹಸಿತೂಕದ ಕಾನೂನು ಮಿತಿಗೆ ಹೋಲಿಸಿರುವುದು ಕಂಡುಬರುತ್ತದೆ. ಮೀನಿನ ಮಾಂಸದಲ್ಲಿ ಶೇ. 78ರಷ್ಟು ನೀರಿದೆಯೆಂದುಕೊಂಡರೆ, ಒಣತೂಕದ 1.2 ಮಿಲಿಗ್ರಾಂ ಸೀಸವು ಹಸಿತೂಕದಲ್ಲಿ ಸುಮಾರು 0.26 ಮಿಲಿಗ್ರಾಂ ಆಗುತ್ತದೆ. ಮೊದಲನೆಯ ಅಂಕಿ ಮಿತಿಯ ನಾಲ್ಕು ಪಟ್ಟು, ಎರಡನೆಯದು ಮಿತಿಯೊಳಗಿನದು. ಇಂಥ ಒಂದು ತಪ್ಪು ಹೋಲಿಕೆ ಪತ್ರಿಕೆಯಲ್ಲಿ ಬಂದರೆ ಒಂದು ಕೆರೆಯನ್ನು ನಂಬಿದ ಸಹಕಾರ ಸಂಘದ ಇಡೀ ವರ್ಷದ ದುಡಿಮೆ ಮಾರಾಟವಾಗದೆ ಉಳಿಯಬಹುದು.

ಎರಡನೆಯದು ಅಂಗಗಳ ಪ್ರತ್ಯೇಕ ಪರೀಕ್ಷೆ. ಮಾಂಸ, ಯಕೃತ್ತು, ಕಿವಿರು ಇವುಗಳನ್ನು ಬೇರೆ ಬೇರೆಯಾಗಿ ವಿಶ್ಲೇಷಿಸಬೇಕು. ಯಕೃತ್ತಿನ ಅಂಕಿ ಜಲಮಾಲಿನ್ಯವನ್ನು ತಿಳಿಸುತ್ತದೆ. ಆಹಾರದ ಸುರಕ್ಷತೆಯನ್ನು ತಿಳಿಸುವುದು ಜನ ತಿನ್ನುವ ಭಾಗದ ಅಂಕಿ. ಮೂಳೆಸಹಿತ ತಿನ್ನುವ ಸಣ್ಣ ಮೀನುಗಳನ್ನು ಇಡಿಯಾಗಿ ಪರೀಕ್ಷಿಸುವುದು ಸೂಕ್ತ.

ಮೂರನೆಯದು ಕಾಲ ಮತ್ತು ಸ್ಥಳ. ಬೇಸಿಗೆಯಲ್ಲಿ ನೀರು ಇಳಿದಾಗ, ಮುಂಗಾರಿನ ಮೊದಲ ಹೊಸನೀರು ಬಂದಾಗ, ಹಿಂಗಾರಿನ ನಂತರ, ಹೀಗೆ ಕನಿಷ್ಠ ಮೂರು ಸಲ ಮಾದರಿ ಸಂಗ್ರಹಿಸಬೇಕು. ಹುಮನಾಬಾದ್ ಕೈಗಾರಿಕಾ ಪ್ರದೇಶದ ಕೆಳಗಿನ ಹಳ್ಳದ ಜೊತೆಗೆ ಯಾವ ಕಾರ್ಖಾನೆಯೂ ಇಲ್ಲದ ಮೇಲ್ಭಾಗದ ಕೆರೆಯೊಂದನ್ನು ಹೋಲಿಕೆಗೆ ಆರಿಸಬೇಕು. ಹಾಗಿಲ್ಲದಿದ್ದರೆ ಬಸಾಲ್ಟಿನ ಸಹಜ ಲೋಹವನ್ನೂ ಮನುಷ್ಯರು ಸೇರಿಸಿದ ಲೋಹವನ್ನೂ ಬೇರ್ಪಡಿಸಲಾಗದು.

ನಾಲ್ಕನೆಯದಾಗಿ, ಅದೇ ಮೀನಿನ ಉದ್ದ, ತೂಕ, ಲಿಂಗ, ಕೊಬ್ಬು ಮತ್ತು ತೇವಾಂಶವನ್ನು ಲೋಹದೊಂದಿಗೆ ದಾಖಲಿಸಬೇಕು. ಕೊಬ್ಬನ್ನು ಅಳೆಯಲು ಫೋಲ್ಚ್ ಅಥವಾ ಬ್ಲೈ–ಡೈಯರ್ ವಿಧಾನವನ್ನು, ಲೋಹಕ್ಕೆ ಪರಮಾಣು ಹೀರುವಿಕೆಯ ರೋಹಿತಮಾಪನ ಅಥವಾ ದ್ರವ್ಯರಾಶಿ ರೋಹಿತಮಾಪನವನ್ನು ಬಳಸಬಹುದು. ಪ್ರಮಾಣಿತ ಮೀನುಮಾಂಸದ ಮಾದರಿಯನ್ನು ಜೊತೆಯಲ್ಲಿಯೇ ವಿಶ್ಲೇಷಿಸಿ ಫಲಿತಾಂಶದ ನಿಖರತೆಯನ್ನು ಖಚಿತಪಡಿಸಿಕೊಳ್ಳಬೇಕು. ಸೀಸದ ಗುಂಡಿನ ಬಲೆಯಿಂದ ಹಿಡಿದ ಮೀನನ್ನು ಚೆನ್ನಾಗಿ ತೊಳೆದು, ಲೋಹದ ಚಾಕು ತಾಗದಂತೆ ಕತ್ತರಿಸುವ ಎಚ್ಚರಿಕೆಯೂ ಅಗತ್ಯ. 2004ರಲ್ಲಿ ಬೀದರಿನಲ್ಲಿ ಸ್ಥಾಪನೆಯಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಹಾಗೂ ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯಗಳು ಹತ್ತಿರದಲ್ಲಿಯೇ ಇರುವುದರಿಂದ ಇಂಥ ಕಾರ್ಯಕ್ಕೆ ಸಹಜವಾದ ನೆಲೆಗಳಾಗಿವೆ.

10. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೀನಿನ ಕೊಬ್ಬು ಅದರ ಜಾತಿ, ಋತು ಮತ್ತು ಆಹಾರವನ್ನು ಅವಲಂಬಿಸುತ್ತದೆ. ಭಾರಲೋಹವು ಅದು ವಾಸಿಸುವ ನೀರು ಮತ್ತು ಕೆಸರು, ಆಹಾರ ಸರಪಳಿಯಲ್ಲಿ ಅದರ ಸ್ಥಾನ, ವಯಸ್ಸು ಹಾಗೂ ನಾವು ತಿನ್ನುವ ಅಂಗವನ್ನು ಅವಲಂಬಿಸುತ್ತದೆ. ಇವುಗಳಲ್ಲಿ ಆಹಾರವೊಂದೇ ಎರಡಕ್ಕೂ ಸಾಮಾನ್ಯವಾದ ಕೊಂಡಿ. ಸಾಕಿದ್ದು ಅಥವಾ ನೈಸರ್ಗಿಕವಾದದ್ದು ಎಂಬ ಹೆಸರಿನಿಂದ, ಕೊಬ್ಬು ಹೆಚ್ಚು ಅಥವಾ ಕಡಿಮೆ ಎಂಬುದರಿಂದ ಲೋಹದ ಬಗ್ಗೆ ನಿರ್ಣಯಿಸುವುದು ಸಾಧ್ಯವಿಲ್ಲ.

ಬಳಕೆದಾರರ ಮಟ್ಟಿಗೆ ಹೇಳುವುದಾದರೆ, ಪ್ಲವಕ ತಿನ್ನುವ, ಒಂದೆರಡು ಕಿಲೋಗ್ರಾಂ ಒಳಗಿನ ಗೆಂಡೆಗಳನ್ನು ಆರಿಸುವುದು, ಬೇಟೆ ಮೀನುಗಳಲ್ಲಿ ಅತಿ ದೊಡ್ಡವನ್ನು ಗರ್ಭಿಣಿಯರು ಮತ್ತು ಮಕ್ಕಳು ದೂರವಿಡುವುದು, ಕರುಳು, ಯಕೃತ್ತು, ಕಿವಿರುಗಳನ್ನು ತೆಗೆದುಹಾಕುವುದು, ಒಂದೇ ಕೆರೆಯ ಮೀನನ್ನೇ ಸದಾ ಅವಲಂಬಿಸದಿರುವುದು ವಿವೇಕದ ಕ್ರಮಗಳು. ಮೀನನ್ನೇ ತ್ಯಜಿಸುವ ಸಲಹೆ ಇವುಗಳಲ್ಲಿ ಸೇರದು. ಕಡಿಮೆ ಬೆಲೆಗೆ ಉತ್ತಮ ಪ್ರೋಟೀನನ್ನು ಒದಗಿಸುವ ಆಹಾರವನ್ನು ಬಡ ಕುಟುಂಬಗಳ ತಟ್ಟೆಯಿಂದ ಕೇವಲ ಸಂಶಯದ ಮೇಲೆ ಕಿತ್ತುಕೊಳ್ಳುವುದು ಒಂದು ಅನ್ಯಾಯ. ಪರೀಕ್ಷಿಸದೆ ಸುರಕ್ಷಿತವೆಂದು ಸಾರುವುದು ಇನ್ನೊಂದು. ಈ ಎರಡರಿಂದಲೂ ಪಾರಾಗಬೇಕಾದರೆ ಕಾರಂಜಾ, ಚುಳಕಿ ನಾಲಾ ಮತ್ತು ಮುಲ್ಲಾಮಾರಿಯ ಮೀನನ್ನು ಕ್ರಮಬದ್ಧವಾಗಿ, ವರ್ಷ ವರ್ಷವೂ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಿ, ಮೀನುಗಾರರ ಸಂಘಗಳಿಗೂ ಗ್ರಾಮ ಪಂಚಾಯತಿಗಳಿಗೂ ತಲುಪಿಸುವ ವ್ಯವಸ್ಥೆ ಏರ್ಪಡಬೇಕು.